ಕಡಲ ಮಳೆ, ಬಯಲ ಮಳೆ

(ಕಾರ್ಮಿಕರ ವಾಚನಾಲಯದ ವಾರದ ಕೂಟದಲ್ಲಿ ಮಾಡಿದ ಭಾಷಣ)



ಮಳೆಯ ಮಾತು ರೈತರ ಸಭೆಗೆ ಸರಿ, ಗಿರಣಿಯ ಸೂರಿನ ಕೆಳಗೆ ದುಡಿಯುವವರಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವರಿಗೆ ಅದರಿಂದ ಏನಾಗಬೇಕು ಎಂದು ಕೆಲವರು ಕೇಳಬಹುದು. ಅವರಿಗೆ ನನ್ನವು ಎರಡೇ ಪ್ರಶ್ನೆ. ಜೋಳದ ಧಾರಣೆ ಏರಿದಾಗ ಕೂಲಿಕಾರನ ಪಗಾರವೂ ಅದರ ಜೊತೆಗೆ ಏರುತ್ತದೆಯೆ? ಬೆಳೆ ಕೈಗೆ ಬಂದ ಮೇಲೆ ಕೊಡುತ್ತೇನೆಂದು ಹಳ್ಳಿಯ ಗಿರಾಕಿ ಬರೆಸಿದ ಉದ್ರಿ, ಬೆಳೆ ಬಾರದಿದ್ದರೆ ಯಾರ ತಲೆಯ ಮೇಲೆ ಬೀಳುತ್ತದೆ? ಹೊಲದಲ್ಲಿ ತಪ್ಪಿದ ಮಳೆಯ ಲೆಕ್ಕ ಕೊನೆಗೆ ಚುಕ್ತಾ ಆಗುವುದು ಪೇಟೆಯಲ್ಲಿ, ನಮ್ಮ ನಿಮ್ಮ ಅಡಿಗೆ ಮನೆಯಲ್ಲಿ.

ಆದ್ದರಿಂದ ಈ ದಿನ ಒಂದೇ ವಿಷಯವನ್ನು ಹೇಳಬೇಕೆಂದಿದ್ದೇನೆ. ಕಡಲ ತೀರದ ಮಳೆಗೂ ಒಳನಾಡಿನ ಮಳೆಗೂ ಇರುವ ವ್ಯತ್ಯಾಸ ಬರೀ ಹೆಚ್ಚು ಕಡಿಮೆಯದಲ್ಲ. ಯಾವ ತಿಂಗಳಲ್ಲಿ ಬರುತ್ತದೆ, ಯಾವ ಬಗೆಯಲ್ಲಿ ಬರುತ್ತದೆ ಎಂಬುದರಲ್ಲಿಯೇ ಮುಖ್ಯ ವ್ಯತ್ಯಾಸವಿದೆ. ಇದನ್ನು ಮರೆತು ಕಡಲ ಮಳೆಯ ಪಂಚಾಂಗದಿಂದ ಬಯಲುಸೀಮೆಯ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ. ತಪ್ಪಿದ ಲೆಕ್ಕಕ್ಕೆ ದಂಡ ತೆರುವವನು ಯಾವಾಗಲೂ ಬಡವನೇ.

ಒಂದೇ ಮೊತ್ತ, ಬೇರೆ ಬಾಳು

ಮೊದಲು ಒಂದು ಉದಾಹರಣೆ. ಲಂಡನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಹಳೆಯ ಲೆಕ್ಕದಲ್ಲಿ ಹೇಳಿದರೆ 24 ಅಂಗುಲ. ನಮ್ಮ ಚಿತ್ರದುರ್ಗದ ಸೀಮೆಗೂ ಹೆಚ್ಚು ಕಡಿಮೆ ಅಷ್ಟೇ. ಮೊತ್ತವನ್ನಷ್ಟೇ ನೋಡಿದರೆ ಎರಡೂ ಊರು ಸರಿಸಮಾನ. ಆದರೆ ಲಂಡನ್ನಿನ ಸುತ್ತಿನ ಬಯಲು ವರ್ಷವೆಲ್ಲ ಹಸಿರು. ಚಿತ್ರದುರ್ಗದ ಹೆಸರು ಬರದ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಇದು ಹೇಗೆ?

ಲಂಡನ್ನಿಗೆ ಪ್ರತಿ ತಿಂಗಳೂ ಅಷ್ಟಿಷ್ಟು ಮಳೆ ಬರುತ್ತದೆ. ಬರುವುದು ಜಿನುಗು ಮಳೆ, ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ. ಬಿಸಿಲಿಗೆ ಬಲವಿಲ್ಲದ್ದರಿಂದ ಬಿದ್ದ ನೀರು ಬೇಗ ಆರುವುದಿಲ್ಲ. ಚಿತ್ರದುರ್ಗಕ್ಕೆ ಜನವರಿಯಿಂದ ಮಾರ್ಚ್‌ವರೆಗೆ ಹೇಳಿಕೊಳ್ಳುವಂಥ ಮಳೆಯೇ ಇಲ್ಲ. ಇಡೀ ವರ್ಷದ ಮಳೆ ನಲವತ್ತು, ನಲವತ್ತೈದು ದಿನಗಳಲ್ಲಿ ಮುಗಿದು ಹೋಗುತ್ತದೆ. ಅದರಲ್ಲಿಯೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ಎಂಬ ಎರಡೇ ತಿಂಗಳಲ್ಲಿ. ಉಳಿದ ದಿನಗಳಲ್ಲಿ ಬಿಸಿಲು ನೆಲದ ಹಸಿಯನ್ನು ಹೀರುತ್ತದೆ.

ತಿಂಗಳಿಗೆ ಸರಿಯಾಗಿ ಪಗಾರ ಪಡೆಯುವವನಿಗೂ, ಅದೇ ಮೊತ್ತವನ್ನು ವರ್ಷಕ್ಕೊಮ್ಮೆ, ಅದೂ ಗ್ಯಾರಂಟಿಯಿಲ್ಲದೆ, ಕೈಗೆ ಪಡೆಯುವವನಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತಿದೆ. ಇದೂ ಅದೇ ಬಗೆ.

ನೀರಿನ ಗುಣ, ನೆಲದ ಗುಣ

ಇದರ ಮೂಲ ಕಾರಣ ಬಹಳ ಸರಳವಾದದ್ದು. ಬೇಸಿಗೆಯ ಮಧ್ಯಾಹ್ನ ಗಿರಣಿಯ ಅಂಗಳದ ಮಣ್ಣಿನ ಮೇಲೆ ಬರಿಗಾಲಿಟ್ಟು ನೋಡಿ, ಸುಡುತ್ತದೆ. ಪಕ್ಕದ ತೊಟ್ಟಿಯ ನೀರು ತಣ್ಣಗೇ ಇರುತ್ತದೆ. ನಡುರಾತ್ರಿ ಮತ್ತೆ ನೋಡಿ, ಮಣ್ಣು ತಣ್ಣಗಾಗಿದೆ, ನೀರು ಇನ್ನೂ ಬೆಚ್ಚಗಿದೆ. ಒಂದೇ ತೂಕದ ಮಣ್ಣಿಗೂ ನೀರಿಗೂ ಒಂದೇ ಪ್ರಮಾಣದಲ್ಲಿ ಬಿಸಿ ಏರಬೇಕಾದರೆ ನೀರಿಗೆ ನಾಲ್ಕೈದು ಪಾಲು ಹೆಚ್ಚು ಶಾಖ ಬೇಕು. ಸಾಲದ್ದಕ್ಕೆ ಕಡಲಿನ ನೀರು ಅಲೆಯಿಂದ ಕಲಕಿ ಶಾಖವನ್ನು ಹತ್ತಾರು ಮೀಟರ್ ಆಳಕ್ಕೆ ಹಂಚಿಕೊಳ್ಳುತ್ತದೆ. ನೆಲದಲ್ಲಿ ಕಾಯುವುದು ಮೇಲಿನ ತೆಳು ಪದರ ಮಾತ್ರ. ಆದ್ದರಿಂದ ಕಡಲು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ನೆಲ ಬೇಗ ಕಾದು ಬೇಗ ಆರುತ್ತದೆ. ಮಂಗಳೂರಿನಲ್ಲಿ ಜನವರಿಗೂ ಮೇ ತಿಂಗಳಿಗೂ ಸೆಕೆಯಲ್ಲಿ ದೊಡ್ಡ ಅಂತರವಿಲ್ಲ. ಬಳ್ಳಾರಿ, ರಾಯಚೂರುಗಳಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಚಳಿಗಾಲದ ಬೆಳಗು ಮೈ ನಡುಗಿಸುತ್ತದೆ.

ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಆ ಜಾಗವನ್ನು ತುಂಬಲು ಕಡಲಿನ ತೇವದ ಗಾಳಿ ನುಗ್ಗುತ್ತದೆ. ಮುಂಗಾರಿಗೆ ಈ ಕಾರಣವನ್ನು 1686ರಷ್ಟು ಹಿಂದೆಯೇ ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ ಬರೆದಿಟ್ಟನು. ಧೂಮಕೇತುವಿಗೆ ಹೆಸರಾದವನೂ ಅವನೇ. ಭೂಮಿ ತಿರುಗುವುದರಿಂದ ಗಾಳಿಯ ದಾರಿ ಬಾಗುತ್ತದೆ ಎಂಬುದನ್ನೂ, ಟಿಬೆಟ್ಟಿನ ಎತ್ತರದ ಬಯಲು ಕಾಯುವುದರ ಪಾತ್ರವನ್ನೂ ನಂತರದ ವಿಜ್ಞಾನಿಗಳು ಸೇರಿಸಿದರು. ಆದರೂ ನೆಲ, ಕಡಲುಗಳ ಬಿಸಿಯ ಅಂತರವೇ ಇದರ ಅಡಿಪಾಯ.

ತೇವದ ಗಾಳಿ ಬಂದ ಮಾತ್ರಕ್ಕೆ ಮಳೆ ಬೀಳುವುದಿಲ್ಲ. ಆ ಗಾಳಿ ಮೇಲೇರಬೇಕು, ಏರಿ ತಣ್ಣಗಾಗಬೇಕು. ಆಗಲೇ ಅದರಲ್ಲಿನ ಆವಿ ಹನಿಯಾಗುತ್ತದೆ. ಗಾಳಿಯನ್ನು ಮೇಲಕ್ಕೆತ್ತುವ ಶಕ್ತಿಗಳಲ್ಲಿ ಎರಡು ನಮಗೆ ಮುಖ್ಯ. ಒಂದು, ಬಲವಾಗಿ ಬೀಸುವ ಕಡಲ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುವುದು. ಇನ್ನೊಂದು, ಕಾದ ನೆಲ ತನ್ನ ಮೇಲಿನ ಗಾಳಿಯನ್ನು ತಾನೇ ಎತ್ತಿ ಎಸೆಯುವುದು. ಮೊದಲನೆಯದು ಗಾಳಿಯ ಮಳೆ, ಎರಡನೆಯದು ಬಿಸಿಲಿನ ಮಳೆ. ಕಡಲ ತೀರದಲ್ಲಿ ಗಾಳಿಯ ಮಳೆಯ ಆಳ್ವಿಕೆ, ಒಳನಾಡಿನಲ್ಲಿ ಬಿಸಿಲಿನ ಮಳೆಯ ಆಳ್ವಿಕೆ. ಈ ಸೂತ್ರ ಹಿಡಿದರೆ ಉಳಿದದ್ದು ಸುಲಭ.

ಯುರೋಪಿನಲ್ಲಿಯೂ ಹೀಗೆಯೇ. ನಾರ್ವೆಯ ಕಡಲ ತೀರದಲ್ಲಿರುವ ಬೆರ್ಗೆನ್ ಊರಿಗೆ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿ ಮಳೆ ಜೋರಾಗುವುದು ಕಡಲ ಗಾಳಿ ಅಬ್ಬರಿಸುವ ಶರತ್ಕಾಲ, ಚಳಿಗಾಲಗಳಲ್ಲಿ. ಕಡಲಿನಿಂದ ಬಹು ದೂರದ ಮಾಸ್ಕೋದಲ್ಲಿ ಹೆಚ್ಚು ಮಳೆ ಜುಲೈಯಲ್ಲಿ, ಅಂದರೆ ಅಲ್ಲಿನ ನೆಲ ಚೆನ್ನಾಗಿ ಕಾಯುವ ಬೇಸಿಗೆಯಲ್ಲಿ. ಎರಡೂ ಊರಿನ ಮೇಲೆ ಒಂದೇ ಅಟ್ಲಾಂಟಿಕ್ ಸಾಗರದ ತೇವ ಹಾಯುತ್ತದೆ. ಮಳೆಗಾಲ ಮಾತ್ರ ಬೇರೆ ಬೇರೆ.

ಘಟ್ಟದ ಈಚೆ, ಘಟ್ಟದ ಆಚೆ

ಈಗ ನಮ್ಮ ನಾಡಿಗೆ ಬರೋಣ. ಜೂನ್ ಮೊದಲ ವಾರದಲ್ಲಿ ಅರಬ್ಬೀ ಸಮುದ್ರದ ಗಾಳಿ ಕರಾವಳಿಯನ್ನು ಮುಟ್ಟುತ್ತದೆ. ಕೆಲವೇ ಹರದಾರಿ ಒಳಗೆ ಪಶ್ಚಿಮ ಘಟ್ಟ ಗೋಡೆಯಂತೆ ನಿಂತಿದೆ. ಕುದುರೆಮುಖದ ಶಿಖರ 1,892 ಮೀಟರ್ ಎತ್ತರ. ಗೋಡೆಗೆ ಬಡಿದ ಗಾಳಿಗೆ ಮೇಲೇರದೆ ಬೇರೆ ದಾರಿಯಿಲ್ಲ. ಮಂಗಳೂರಿಗೆ ವರ್ಷದಲ್ಲಿ 3,500 ಮಿ.ಮೀ.ಗೂ ಹೆಚ್ಚು ಮಳೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜೂನ್, ಜುಲೈ ಎರಡೇ ತಿಂಗಳಲ್ಲಿ ಸುರಿಯುತ್ತದೆ. ಘಟ್ಟದ ನೆತ್ತಿಯ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಆಗುಂಬೆ ಬಿಟ್ಟು ಬಸ್ಸಿನಲ್ಲಿ ಎರಡು ಮೂರು ತಾಸು ಮೂಡಲಿಗೆ ಬಂದರೆ ಶಿವಮೊಗ್ಗ, ಅಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಇನ್ನೂ ಮೂಡಲಿಗೆ ಚಿತ್ರದುರ್ಗ, 600.

ಆಕಾಶ ಒಂದೇ, ಗಾಳಿ ಒಂದೇ. ಆದರೆ ಘಟ್ಟ ಹತ್ತುವಾಗ ಗಾಳಿ ತನ್ನ ಹೊರೆಯನ್ನು ಅಲ್ಲಿಯೇ ಇಳಿಸುತ್ತದೆ. ಘಟ್ಟ ದಾಟಿ ಈಚೆ ಇಳಿಯುವಾಗ ಅದು ಮತ್ತೆ ಬೆಚ್ಚಗಾಗುತ್ತದೆ. ಬೆಚ್ಚಗಾದ ಗಾಳಿ ನೀರು ಕೊಡುವುದಿಲ್ಲ, ಇದ್ದ ತೇವವನ್ನು ಹೀರುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಊರುಗಳ ಮೇಲೆ ಮೋಡ ಓಡುವುದನ್ನು ನೋಡುತ್ತೇವೆ, ಗಾಳಿ ಧೂಳೆಬ್ಬಿಸುತ್ತದೆ, ನಾಲ್ಕು ಹನಿ ಉದುರಿ ನಿಲ್ಲುತ್ತದೆ. ಅದೇ ಹೊತ್ತಿಗೆ ಉಡುಪಿಯಲ್ಲಿ ಬೀದಿ ಹೊಳೆಯಾಗಿರುತ್ತದೆ. ಇದನ್ನೇ ಮಳೆ ನೆರಳಿನ ನಾಡು ಎನ್ನುತ್ತಾರೆ.

ಹಾಗಾದರೆ ನಮ್ಮ ಮಳೆ ಯಾವಾಗ? ಮುಂಗಾರಿಗೆ ಮುಂಚೆ ಒಮ್ಮೆ, ಮುಂಗಾರು ಹಿಂದೆ ಸರಿಯುವಾಗ ಇನ್ನೊಮ್ಮೆ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಕಾದು, ಸಂಜೆ ಗುಡುಗು ಸಿಡಿಲಿನೊಡನೆ ಅಡ್ಡಮಳೆ ಹೊಡೆಯುತ್ತದೆ. ಜೂನ್, ಜುಲೈಯಲ್ಲಿ ಪಡುವಣ ಗಾಳಿಯ ಹೊಡೆತಕ್ಕೆ ಆ ಗುಡುಗು ಮೋಡಗಳು ಬೆಳೆಯಲಾರವು. ಸೆಪ್ಟೆಂಬರಿನಲ್ಲಿ ಗಾಳಿ ಸಡಿಲಾಗುತ್ತದೆ, ಬಿಸಿಲು ಮತ್ತೆ ಚುರುಕಾಗುತ್ತದೆ, ಮೂಡಣ ಬಂಗಾಳ ಕೊಲ್ಲಿಯ ತೇವವೂ ಒಳನಾಡಿಗೆ ಬರುತ್ತದೆ. ಆಗ ಮೋಡ ಎತ್ತರಕ್ಕೆ ಬೆಳೆದು ಸಂಜೆಗೆ, ರಾತ್ರಿಗೆ ಸುರಿಯುತ್ತದೆ. ಕೊಲ್ಲಿಯಲ್ಲಿ ವಾಯುಭಾರ ಕುಸಿದು ಸುಳಿಗಾಳಿ ಎದ್ದರೆ ಎರಡು ಮೂರು ದಿನ ಬಿಡದೆ ಹಿಡಿಯುತ್ತದೆ. ಬೆಂಗಳೂರಿಗೆ ಕೂಡ ಹೆಚ್ಚು ಮಳೆಯ ತಿಂಗಳು ಜುಲೈಯಲ್ಲ, ಸೆಪ್ಟೆಂಬರ್. ಇನ್ನೂ ಮೂಡಲಿಗೆ, ಚೆನ್ನೈ ತೀರಕ್ಕೆ ಹೋದರೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನದೇ ದೊಡ್ಡ ಮಳೆಗಾಲ. ಕೊಲ್ಲಿಯ ಕಡೆಯಿಂದ ಈಶಾನ್ಯದ ಗಾಳಿ ಬೀಸುವುದು ಆಗಲೇ. ಅಲ್ಲಿಯೂ ಕಡಲ ತೀರ, ಗಾಳಿಯ ಮಳೆ ಎಂಬ ಸೂತ್ರ ತಪ್ಪಲಿಲ್ಲ. ಗಾಳಿಯ ದಿಕ್ಕು ಬೇರೆ, ಅಷ್ಟೇ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಅವರು ಜೂನ್, ಜುಲೈ ಎನ್ನಲಿಲ್ಲ. ಮಳೆಗಳಿಗೆ ನಕ್ಷತ್ರದ ಹೆಸರಿಟ್ಟರು. ‘ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆ ಜೂನ್ ಕೊನೆಯ ಮಳೆಯನ್ನು ಕುರಿತದ್ದು. ನಾಟಿಗೆ ಕಾದಿರುವ ಮಲೆನಾಡಿನವನಿಗೆ ಅದು ಪೂರಾ ಸಲ್ಲುತ್ತದೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬುದು ಏಪ್ರಿಲ್ ಕೊನೆಯ, ಮೇ ಮೊದಲ ವಾರದ ಮಳೆಯ ಮಾತು, ನೇಗಿಲು ಕಟ್ಟಲು ಕಾಯುವ ಬಯಲಿನವನ ಮಾತು. ಎರೆಭೂಮಿಯ ರೈತನನ್ನು ಕೇಳಿ. ಉತ್ತರೆ, ಹಸ್ತ, ಚಿತ್ತೆ ಎಂದು ಬೆರಳು ಮಡಿಸುತ್ತಾನೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯ ಹತ್ತಿರದವರೆಗಿನ ಮಳೆಗಳಿವು. ಎರೆಮಣ್ಣು ಹೀರಿಕೊಂಡ ಆ ಹಸಿಯ ಮೇಲೆಯೇ ಹಿಂಗಾರು ಜೋಳ ಬೆಳೆಯಬೇಕು, ಕಡಲೆ ಬೆಳೆಯಬೇಕು. ಮುಂದೆ ಮಳೆಯಿಲ್ಲದ ಚಳಿಗಾಲವನ್ನು ಪೈರು ದಾಟುವುದು ಆ ಬಂಡವಾಳದಿಂದ. ನಮ್ಮ ತಟ್ಟೆಯ ರೊಟ್ಟಿ ಆ ಮೂರು ಮಳೆಗಳ ಕೈಯಲ್ಲಿದೆ.

ಮಳೆ ಕಟ್ಟಿಕೊಟ್ಟ ಬದುಕು

ಎರಡು ಬಗೆಯ ಮಳೆ ಎರಡು ಬಗೆಯ ಬದುಕನ್ನು ಕಟ್ಟಿದೆ. ಕರಾವಳಿಯ ಮನೆಗೆ ಇಳಿಜಾರು ಮಾಡು, ಮೇಲೆ ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದದ್ದು ಸುಮ್ಮನೆ ಅಲ್ಲ. ಆ ಮಣ್ಣಿಗೂ ಆ ಮಳೆಗೂ ಅದು ತಕ್ಕ ಕಸುಬು. ನಮ್ಮ ಕಡೆ ಮಣ್ಣಿನ ಮಾಳಿಗೆ, ಚಪ್ಪಟೆ ಸೂರು. ವರ್ಷಕ್ಕೆ ನಲವತ್ತು ದಿನ ಬರುವ ಮಳೆಗೆ ಅಷ್ಟು ಸಾಕು. ಆದರೆ ಮೂರು ದಿನ ಬಿಡದೆ ಹಿಡಿದರೆ ಮೊದಲು ಕುಸಿಯುವುದು ಬಡವನ ಆ ಮಾಳಿಗೆಯೇ. ಕರಾವಳಿಯ ಮೀನುಗಾರನಿಗೆ ಜೂನ್, ಜುಲೈ ಎಂದರೆ ಯಂತ್ರದ ದೋಣಿ ದಡ ಸೇರುವ ಕಾಲ. ಆ ಎರಡು ತಿಂಗಳ ನಷ್ಟ ಅವನಿಗೆ ಮೊದಲೇ ಗೊತ್ತಿರುವಂಥದು, ತಾರೀಖು ಗೊತ್ತಿರುವಂಥದು. ಬಯಲಿನವನಿಗೆ ಮಾತ್ರ ನಷ್ಟದ ತಾರೀಖು ಗೊತ್ತಿಲ್ಲ.

ಗಿರಣಿಯ ಕೆಲಸದಲ್ಲಿಯೂ ಈ ಭೇದ ಕಾಣುತ್ತದೆ. ಒಣಗಾಳಿಯಲ್ಲಿ ಹತ್ತಿಯ ಎಳೆ ಪದೇ ಪದೇ ಹರಿಯುತ್ತದೆ ಎಂಬುದನ್ನು ನೂಲುವ ಖಾತೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಲಂಕಾಷೈರ್, ಮುಂಬಯಿಗಳ ಕಡಲ ಹವೆ ನೂಲಿಗೆ ಹೇಳಿ ಮಾಡಿಸಿದಂಥದು. ಒಳನಾಡಿನ ಗಿರಣಿಗಳು ಆ ತೇವವನ್ನು ಯಂತ್ರದಿಂದ ತುಂಬಬೇಕಾಯಿತು. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಒಳಗೆ ಆವಿಯ ಸೆಕೆ, ನಡುವೆ ಎಂಟು ತಾಸಿನ ಪಾಳಿ. ಅದಕ್ಕೇ 1948ರ ಕಾರ್ಖಾನೆ ಕಾಯಿದೆ ತನ್ನ 15ನೆಯ ಕಲಮಿನಲ್ಲಿ, ಹವೆಗೆ ತೇವ ತುಂಬಲು ಬಳಸುವ ನೀರು ಕುಡಿಯುವ ನೀರಿನ ಮೂಲದ್ದಾಗಿರಬೇಕು, ಇಲ್ಲವೆ ಶುದ್ಧಿ ಮಾಡಿದ್ದಾಗಿರಬೇಕು ಎಂದು ವಿಧಿಸಿತು. ಕಡಲಿನಿಂದ ದೂರವಿರುವುದರ ಬೆಲೆಯನ್ನು ಕಾರ್ಮಿಕನ ಶ್ವಾಸಕೋಶ ಕೊಡಬಾರದು ಎಂಬುದೇ ಅದರ ತಾತ್ಪರ್ಯ.

ಲೆಕ್ಕದ ಗೆರೆ ಎಲ್ಲಿ ಎಳೆಯಬೇಕು?

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ದೇಶದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ಅದರ ಲೆಕ್ಕದಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಮುಂಗಾರು. ಅಕ್ಟೋಬರ್ 1ರಿಂದ ಹಿಂಗಾರು. ಇಡೀ ದೇಶಕ್ಕೆ ಒಂದು ಲೆಕ್ಕ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಈ ನಾಲ್ಕು ತಿಂಗಳಲ್ಲಿ ದೇಶದ ಸರಾಸರಿ ಮಳೆ ಸುಮಾರು 870 ಮಿ.ಮೀ. ನೂರಕ್ಕೆ 96ರಿಂದ 104ರಷ್ಟು ಬಂದರೆ ‘ವಾಡಿಕೆಯ ಮಳೆ’ ಎಂದು ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಪೇಟೆಯವರು ನಿಟ್ಟುಸಿರು ಬಿಡುತ್ತಾರೆ.

ಆದರೆ ನಮ್ಮ ಸೀಮೆಯ ದೊಡ್ಡ ಮಳೆ ಯಾವಾಗ ಎಂದು ಈಗಷ್ಟೇ ಹೇಳಿದೆ. ಉತ್ತರೆ, ಹಸ್ತ, ಚಿತ್ತೆ. ಸೆಪ್ಟೆಂಬರ್ 30ರ ಗೆರೆ ಸರಿಯಾಗಿ ಈ ಮಳೆಗಾಲದ ನಡುವೆ ಹಾಯುತ್ತದೆ. ಕರಾವಳಿಯವನಿಗೆ ಅದು ವರ್ಷದ ಲೆಕ್ಕ ಮುಗಿಯುವ ದಿನ. ನಮಗೆ ಅಸಲು ವ್ಯಾಪಾರ ನಡೆಯುತ್ತಿರುವಾಗಲೇ ಅಂಗಡಿಯ ಬಾಗಿಲು ಹಾಕಿ ಲೆಕ್ಕ ಬರೆದಂತೆ.

2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಬಿಜಾಪುರ, ಬಾಗಲಕೋಟೆ, ರಾಯಚೂರು, ಬಳ್ಳಾರಿ, ಗದಗ ಸೀಮೆಗಳ ಮೇಲೆ ಮಳೆ ಕವುಚಿತು. ಬರದ ನಾಡೆಂದೇ ಹೆಸರಾದ ಊರುಗಳು ಅವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು, ಲಕ್ಷಾಂತರ ಮನೆಗಳು ಬಿದ್ದವು. ಕರಾವಳಿಯಲ್ಲಿ ಮುಂಗಾರು ಮುಗಿಯುತ್ತ ಬಂದಿದ್ದ ಕಾಲ ಅದು. ಬಯಲಿಗೆ ಮಾತ್ರ ಅದೇ ಅಪಾಯದ ಕಾಲ. 2023ರಲ್ಲಿ ಇದರ ಇನ್ನೊಂದು ಮುಖ ಕಂಡೆವು. ಶಾಂತ ಮಹಾಸಾಗರದ ನೀರು ಬೆಚ್ಚಗಾಗುವ ಎಲ್ ನಿನ್ಯೊ ಎಂಬ ಸ್ಥಿತಿಯ ವರ್ಷ ಅದು. ಆ ಆಗಸ್ಟ್ ತಿಂಗಳು 1901ರಿಂದ ಈಚೆಗೆ ದೇಶದಲ್ಲಿ ಅತಿ ಒಣ ಆಗಸ್ಟ್ ಆಯಿತು. ನಮ್ಮ ರಾಜ್ಯದ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು.

ಮಳೆ ಕಡಿಮೆಯಿರುವ ಕಡೆ ಅದರ ಚಂಚಲತೆ ಹೆಚ್ಚು. ಮಂಗಳೂರಿಗೆ ಕಾಲು ಪಾಲು ಕಡಿಮೆಯಾದರೂ ಸಾವಿರಾರು ಮಿ.ಮೀ. ಉಳಿಯುತ್ತದೆ. ಚಳ್ಳಕೆರೆಗೆ ಕಾಲು ಪಾಲು ಕಡಿಮೆಯಾದರೆ ಕಾಳು ಕಟ್ಟುವುದಿಲ್ಲ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಕ್ಷಾಮ ಮೈಸೂರು ಸಂಸ್ಥಾನವನ್ನೂ ಬಳ್ಳಾರಿ ಸೀಮೆಯನ್ನೂ ಹಿಂಡಿಹಾಕಿತು. ಪಶ್ಚಿಮ ಕರಾವಳಿಗೆ ಅಂಥ ಪೆಟ್ಟು ಬೀಳಲಿಲ್ಲ. ಆದರೆ ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಮಳೆ ತಪ್ಪುವುದು ಗಾಳಿಯ ಕೆಲಸ. ಅನ್ನ ತಪ್ಪುವುದು ಮನುಷ್ಯರ ಕೆಲಸ. ಈ ಎರಡನ್ನೂ ಒಂದೇ ಹಣೆಬರಹಕ್ಕೆ ಕಟ್ಟುವವರ ಮಾತನ್ನು ನಂಬಬೇಡಿ.

ಬಿದ್ದದ್ದನ್ನು ಹಿಡಿಯುವುದು

ನಲವತ್ತು ದಿನದ ಮಳೆಯಿಂದ ಮುನ್ನೂರ ಅರವತ್ತೈದು ದಿನ ಬಾಳಬೇಕಾದ ನಾಡು ನಮ್ಮದು. ಹಿಡಿದಿಡುವುದೊಂದೇ ಅದಕ್ಕೆ ದಾರಿ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು. ಸಂಜೆಯ ಒಂದೇ ಗುಡುಗುಮಳೆ ಇಷ್ಟು ಕೊಟ್ಟು ಹೋಗುತ್ತದೆ. ಅದು ಹಳ್ಳದಲ್ಲಿ ಹರಿದು ಹೋಗುತ್ತದೆಯೋ, ಕೆರೆಯಲ್ಲಿ ನಿಲ್ಲುತ್ತದೆಯೋ ಎಂಬುದು ಮೋಡ ತೀರ್ಮಾನಿಸುವ ವಿಷಯವಲ್ಲ. ಕರಾವಳಿಯಲ್ಲಿ ದೊಡ್ಡ ಕೆರೆಗಳು ಕಡಿಮೆ. ಬಯಲುಸೀಮೆಯಲ್ಲಿ ಹಳ್ಳಿಗೊಂದು ಕೆರೆ. ಬಿಸಿಲಿನ ಮಳೆಯನ್ನು ಬಲ್ಲ ಜನ ಕಟ್ಟಿದ ಕೆರೆಗಳು ಅವು.

ಹಿರಿಯೂರಿನ ಬಳಿ ವೇದಾವತಿಗೆ ಅಡ್ಡವಾಗಿ ಮೈಸೂರು ಸಂಸ್ಥಾನ 1898ರಲ್ಲಿ ಮಾರಿಕಣಿವೆಯ ಕಟ್ಟೆಯನ್ನು ಆರಂಭಿಸಿ 1907ರಲ್ಲಿ ಮುಗಿಸಿತು. ವಾಣಿವಿಲಾಸ ಸಾಗರ ಎಂದು ಅದಕ್ಕೆ ಹೆಸರು. ಅದು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಹರಿಯಲು 2022ರವರೆಗೆ, 89 ವರ್ಷ ಕಾಯಬೇಕಾಯಿತು. ತುಂಬದ ಕಟ್ಟೆ ದಂಡ ಎನ್ನುವವರಿದ್ದಾರೆ. ನಾನು ಹಾಗೆ ಎನ್ನುವುದಿಲ್ಲ. ಆ ಎಂಬತ್ತೊಂಬತ್ತು ವರ್ಷವೂ ಅದು ಒಳ್ಳೆಯ ವರ್ಷದ ನೀರನ್ನು ಕೆಟ್ಟ ವರ್ಷಕ್ಕೆ ಎತ್ತಿಟ್ಟು ಕೊಟ್ಟಿತು. ಒಳನಾಡಿನ ಜಲಾಶಯದ ಕೆಲಸವೇ ಅದು.

ಕೊನೆಯದಾಗಿ ಮೂರು ಮಾತು ಹೇಳಿ ಮುಗಿಸುತ್ತೇನೆ.

ಒಂದು, ನಮ್ಮ ಮಳೆಯನ್ನು ನಮ್ಮ ತಿಂಗಳುಗಳಿಂದ ಅಳೆಯಬೇಕು. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೂ ಮಳೆಮಾಪಕಗಳನ್ನು ಇಟ್ಟಿದ್ದಾರೆ. ಲೆಕ್ಕ ಇದೆ. ಅದನ್ನು ವಾರವಾರ ಹೋಬಳಿಯ ಚಾವಡಿಯಲ್ಲಿ, ಪೇಟೆಯ ಚೌಕದಲ್ಲಿ ಬರೆದು ಹಚ್ಚುವಂತೆ ಕೇಳೋಣ. ರಾಜ್ಯದ ಸರಾಸರಿಯಲ್ಲಿ ಆಗುಂಬೆಯ ಮಳೆಯೂ ಸೇರಿರುತ್ತದೆ. ಆ ಸರಾಸರಿಯಿಂದ ಚಳ್ಳಕೆರೆಯ ಹೊಲ ನೆನೆಯುವುದಿಲ್ಲ.

ಎರಡು, ಕೆರೆಯ ಹೂಳು ತೆಗೆಯುವುದು, ತೂಬು ಸರಿಪಡಿಸುವುದು, ಕಾಲುವೆಯ ಒತ್ತುವರಿ ಬಿಡಿಸುವುದು ಬೇಸಿಗೆಯಲ್ಲೇ ಮುಗಿಯಬೇಕು. ಕಾಮಗಾರಿಯ ಮಂಜೂರಾತಿ ಮಳೆ ಬಂದ ಮೇಲೆ ಬಂದರೆ ಅದು ಗುತ್ತಿಗೆದಾರನಿಗೆ ಮಾತ್ರ ಉಪಯೋಗ.

ಮೂರು, ಬೆಳೆಸಾಲದ ಗಡುವು, ಬರದ ಘೋಷಣೆ, ಪಡಿತರದ ದಾಸ್ತಾನು ಈ ಮೂರನ್ನೂ ಗೊತ್ತುಮಾಡುವಾಗ ಚಿತ್ತೆ ಮಳೆಯ ಫಲ ನೋಡಿ ಗೊತ್ತುಮಾಡಬೇಕು. ವರ್ತಕ ಮಿತ್ರರಿಗೂ ಅದೇ ಮಾತು. ಕೇರಳಕ್ಕೆ ಮುಂಗಾರು ಬಂತೆಂಬ ಜೂನ್ ತಿಂಗಳ ಸುದ್ದಿ ಓದಿ ಹಳ್ಳಿಗೆ ಉದ್ರಿ ಬಿಡಬೇಡಿ, ಜುಲೈಯಲ್ಲಿ ಮಳೆ ಕಾಣಲಿಲ್ಲವೆಂದು ಜೋಳ ಬಚ್ಚಿಡಲೂ ಬೇಡಿ. ನಮ್ಮ ವರ್ಷ ಅಕ್ಟೋಬರಿನಲ್ಲಿ ಗೊತ್ತಾಗುತ್ತದೆ.

ಕಡಲನ್ನು ನಾವು ಹತ್ತಿರ ತರಲಾರೆವು, ಘಟ್ಟವನ್ನು ಬಗ್ಗಿಸಲಾರೆವು. ಕೆರೆಯ ಏರಿಯನ್ನು ಕಾಯುವುದು, ಲೆಕ್ಕವನ್ನು ಸರಿಯಾಗಿ ಬರೆಯುವುದು, ಬರೆದ ಲೆಕ್ಕವನ್ನು ಕೇಳಿ ಓದುವುದು ನಮ್ಮಿಂದ ಆಗುವ ಕೆಲಸ. ಅದನ್ನು ಈ ಕೂಟದಿಂದಲೇ ಆರಂಭಿಸೋಣ.